ದುರ್ಬೀನಿನ ಕಪ್ಪು

ಪಾರೋ

ನವೆಂಬರ್ ತಿಂಗಳ ಎರಡನೆಯ ಸೋಮವಾರ, ಮಧ್ಯಾಹ್ನ ಹನ್ನೆರಡೂವರೆ. ಸ್ಥಳ, ಭೂತಾನಿನ ಪಾರೋ ವಿಮಾನ ನಿಲ್ದಾಣದ ಹೊರಬಾಗಿಲು. ಹಾಜರಿದ್ದವರು: ಸಾಗರದ ವಿಶಾಲಾಕ್ಷಿ, ಹೊಸನಗರದ ನಾಗೇಶ ಗೌಡರು, ತೀರ್ಥಹಳ್ಳಿಯ ನಾನು. ಮೂವರ ಸಾಮಾನೂ ಬಂದಿದೆ. ಯಾರಿಗೂ ವಾಂತಿಯಾಗಿಲ್ಲ.

ಹೀಗೆ ಶುರು ಮಾಡುವುದು ನನ್ನ ಅಭ್ಯಾಸ. ಕೆಲಸದ ವರ್ಷಗಳನ್ನೆಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ಕಳೆದವಳು ನಾನು. ಪಾಳಿ ಬದಲಾಗುವಾಗ ದಿನ, ಗಂಟೆ, ಯಾರಿದ್ದರು, ಯಾರು ಹೇಗಿದ್ದಾರೆ ಎಂದು ಹೇಳಿಯೇ ಮುಂದಿನವರಿಗೆ ವಾರ್ಡು ಒಪ್ಪಿಸಬೇಕು. ನಿವೃತ್ತಿಯಾದ ಮೇಲೆ ಒಪ್ಪಿಸಿಕೊಳ್ಳುವವರು ಯಾರೂ ಇಲ್ಲ. ಆದರೂ ಬಾಯಿಗೆ ಮೊದಲು ಬರುವುದು ಅದೇ.

ವಿಶಾಲು ನನ್ನ ಹಳೆಯ ಗೆಳತಿ. ಸಾಗರದ ಆಸ್ಪತ್ರೆಯಲ್ಲಿದ್ದಾಗ ಅವಳ ಮನೆಯ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದೆ. ಬ್ಯಾಂಕಿನಲ್ಲಿದ್ದವಳು, ಈಗ ಹಕ್ಕಿಯ ಹುಚ್ಚು ಹಿಡಿಸಿಕೊಂಡಿದ್ದಾಳೆ. ಅಂದಿನಿಂದಲೂ ಅವಳು ನನ್ನ ಜೊತೆ ಹವ್ಯಕರ ಮಾತನ್ನೇ ಆಡುತ್ತಾಳೆ, ನಾನು ನಮ್ಮ ತೀರ್ಥಹಳ್ಳಿ ಕಡೆಯ ಮಾತಿನಲ್ಲಿ ಉತ್ತರ ಕೊಡುತ್ತೇನೆ. ತಿದ್ದಿಕೊಳ್ಳಬೇಕೆಂದು ಇಬ್ಬರಿಗೂ ಅನ್ನಿಸಿಲ್ಲ. ನಾಗೇಶ ಗೌಡರು ಹೊಸನಗರದಲ್ಲಿ ಬಡಾವಣೆ ಮಾಡಿ ಸೈಟು ಮಾರಿದವರು. ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದಕ್ಕೆ ವಿಶಾಲು ನಡೆಸುವ ಭಾನುವಾರದ ಹಕ್ಕಿ ಗುಂಪಿಗೆ ಸೇರಿದರು. ಇದು ನಡೆಯುವುದಕ್ಕಿಂತ ಹೆಚ್ಚಾಗಿ ನಿಲ್ಲುವ ಕೆಲಸ ಎಂದು ತಿಳಿದ ಮೇಲೆ ಒಂದು ವಾರವೂ ತಪ್ಪಿಸಿಲ್ಲ.

ಭೂತಾನಿನ ಫೋಬ್ಜಿಖಾ ಎಂಬ ಕಣಿವೆಗೆ ಚಳಿಗಾಲದಲ್ಲಿ ಟಿಬೆಟಿನಿಂದ ಕಪ್ಪು ಕತ್ತಿನ ಕೊಕ್ಕರೆಗಳು ಬರುತ್ತವೆ. ಅವುಗಳನ್ನು ನೋಡಬೇಕೆಂದು ವಿಶಾಲು ವರ್ಷಗಳಿಂದ ಹೇಳುತ್ತಿದ್ದಳು. ನನಗೆ ಕೊಕ್ಕರೆಯ ಜೊತೆಗೆ ಇನ್ನೊಂದು ಕೆಲಸವಿತ್ತು. ನನ್ನದೇ ಒಂದು ದುರ್ಬೀನು ಕೊಳ್ಳಬೇಕು, ಯಾವ ಬಗೆಯದು ಎಂದು ಈ ಪ್ರವಾಸದಲ್ಲಿ ತೀರ್ಮಾನವಾಗಬೇಕು. ಅದಕ್ಕೆಂದೇ ವಿಶಾಲು ತನ್ನ ಹಳೆಯದನ್ನು ಮಳೆಗಾಲದಲ್ಲೇ ನನ್ನ ಕೊರಳಿಗೆ ಹಾಕಿದ್ದಳು. ಗೌಡರು ತಮ್ಮದನ್ನೂ ಕೇಳಿದಾಗ ಕೊಡುತ್ತಿದ್ದರು, ಉಪದೇಶದ ಸಮೇತ.

ಕಾರು ಹತ್ತಿದ ಕೂಡಲೇ ಉಪದೇಶ ಶುರುವಾಯಿತು.

"ನಿಮ್ದ್ರಲ್ಲಿ ಎಷ್ಟು ಅಂತ ಬರ್ದಿದೆ ಸಿಸ್ಟ್ರೇ?"

"ಎಂಟು ಇಂಟು ನಲ್ವತ್ತೆರಡು."

"ಎಂಟ್ ನಲ್ವತ್ತೆರಡ್ಲಿ ಮುನ್ನೂರ ಮೂವತ್ತಾರು. ನಂದು ಹತ್ತು ಇಂಟು ಐವತ್ತು. ಐನೂರು! ಲೆಕ್ಕ ಅಲ್ಲೇ ಮುಗೀತಲ್ಲ."

"ಅದು ಸೈಟಲ್ಲ ಗೌಡ್ರೇ," ಎಂದಳು ವಿಶಾಲು. "ಎಂಟು ಹೇಳಿರೆ ಎಂಟು ಪಾಲು ಹತ್ರ ಕಾಣ್ತು. ನಲವತ್ತೆರಡು ಹೇಳದು ಮುಂದಿನ ಗಾಜಿನ ಅಗಲ. ಗುಣಿಸಲೆ ಎಂತೂ ಇಲ್ಲೆ."

"ಅಗಲನೂ ಜಾಸ್ತಿ, ಉದ್ದನೂ ಜಾಸ್ತಿ. ಕಾರ್ನರ್ ಸೈಟು ನಂದು. ಏನ್ ಬೇಕಾದ್ರೂ ಹೇಳಿ." ಗೌಡರು ಸೀಟ್ ಬೆಲ್ಟ್ ಎಳೆದರು. ಅದು ಬರಲಿಲ್ಲ. "ಥೋ, ಎಂಥ ಕರ್ಮ ಮಾರಾಯ್ರೆ ಇದು!"

ಮುಂದಿನ ಸೀಟಿನಿಂದ ಡ್ರೈವರ್ ತಿರುಗಿ, "ಯೆಸ್ ಸರ್?" ಎಂದ.

ಅವನ ಹೆಸರು ಕರ್ಮ. ಅಲ್ಲಿ ಅದು ಗಂಡಸರೂ ಹೆಂಗಸರೂ ಇಟ್ಟುಕೊಳ್ಳುವ ಒಳ್ಳೆಯ ಹೆಸರು. ಡ್ರೈವರೂ ಅವನೇ, ಗೈಡೂ ಅವನೇ. ಮೂವತ್ತರ ಆಸುಪಾಸು, ದಪ್ಪ ಗಾಜಿನ ಕನ್ನಡಕ, ಅವರ ದೇಶದ ನಿಲುವಂಗಿ. ಆ ಅಂಗಿಯನ್ನು ಸೊಂಟದಲ್ಲಿ ಬಿಗಿದು ಎದೆಯ ಮುಂದೆ ಒಂದು ಮಡಿಲು ಮಾಡಿಕೊಳ್ಳುತ್ತಾರೆ. ನಮ್ಮ ಹೆಂಗಸರು ಹೂವೋ ಕಾಯಿಯೋ ತುಂಬಿಕೊಳ್ಳುವ ಹಾಗೆ ಅವನು ಅದರಲ್ಲಿ ಫೋನು, ನೀರಿನ ಬಾಟಲು, ನಮ್ಮ ಪರವಾನಗಿ ಪತ್ರ ಎಲ್ಲವನ್ನೂ ಇಟ್ಟುಕೊಂಡಿದ್ದ.

ಇನ್ನು ಆ ಮಾತನ್ನು ಬಳಸಬಾರದು ಎಂದು ಮೂವರೂ ನಿರ್ಧರಿಸಿದೆವು. ಬಿಡಲು ಹೊರಟಾಗಲೇ ಗೊತ್ತಾದದ್ದು, ನಾವು ದಿನಕ್ಕೆ ಎಷ್ಟು ಸಲ ಕರ್ಮ ಕರ್ಮ ಎನ್ನುತ್ತೇವೆ ಎಂದು. ಬಿಸಿನೀರು ಬಾರದಿದ್ದರೆ ಕರ್ಮ, ಅನ್ನದ ಬದಲು ಆಲೂಗಡ್ಡೆ ಬಂದರೆ ಕರ್ಮ. ಪ್ರತಿ ಸಲವೂ ಆ ಪುಣ್ಯಾತ್ಮ ಓಡಿ ಬಂದು ನಿಲ್ಲುತ್ತಿದ್ದ.

ಈಗ ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ವಿಷಯ.

ನನ್ನ ಅವ್ವನ ಕಣ್ಣು ಗ್ಲಾಕೋಮಾದಿಂದ ಹೋಯಿತು. ನೋವಿಲ್ಲ, ಕೆಂಪಿಲ್ಲ. ಬದಿಯಿಂದ ಕತ್ತಲೆ ಬರುತ್ತದೆ, ನಡುವೆ ಮಾತ್ರ ಕಾಣುತ್ತದೆ. ಬಾಗಿಲನ್ನು ಯಾರೋ ಮೆಲ್ಲಗೆ ಮುಚ್ಚಿದ ಹಾಗೆ ಎನ್ನುತ್ತಿದ್ದಳು. ಆ ಮಾತು ಹೇಳುವ ಹೊತ್ತಿಗೆ ಅರ್ಧ ಬಾಗಿಲು ಮುಚ್ಚಿ ಆಗಿತ್ತು. ತಾಯಿಗಿದ್ದರೆ ಮಕ್ಕಳಿಗೂ ಬರಬಹುದು ಎಂದು ಎಷ್ಟೋ ರೋಗಿಗಳಿಗೆ ನಾನೇ ಹೇಳಿದ್ದೇನೆ.

ಮಳೆಗಾಲದಲ್ಲಿ ಮಂಡಗದ್ದೆಯ ಹೊಳೆಯ ದಡದಲ್ಲಿ ನಿಂತು ವಿಶಾಲುವಿನ ದುರ್ಬೀನನ್ನು ಮೊದಲ ಸಲ, ಕನ್ನಡಕದ ಮೇಲೆಯೇ, ಕಣ್ಣಿಗೆ ಹಿಡಿದೆ. ನಡುವೆ ಒಂದಿಷ್ಟು ಬೆಳಕು, ಅದರಲ್ಲಿ ಒಂದು ಬೆಳ್ಳಕ್ಕಿ. ಸುತ್ತಲೂ ಕಪ್ಪು. ತಲೆ ಸ್ವಲ್ಪ ಅಲುಗಿದರೆ ಆ ಕಪ್ಪು ಒಂದು ಬದಿಯಿಂದ ಹುಣ್ಣಿಮೆಯ ಗ್ರಹಣದ ಹಾಗೆ ಒಳಗೆ ಸರಿಯುತ್ತಿತ್ತು. ಗೌಡರದನ್ನು ಇಸಿದುಕೊಂಡು ನೋಡಿದೆ. ಅದರಲ್ಲೂ ಹಾಗೆಯೇ, ಇನ್ನೂ ಜಾಸ್ತಿ. ಎರಡು ಬಿ.ಪಿ. ಯಂತ್ರ ಒಂದೇ ಅಂಕಿ ತೋರಿಸಿದರೆ ತೊಂದರೆ ಯಂತ್ರದ್ದಲ್ಲ, ರೋಗಿಯದು. ನಮಗೆ ಕಲಿಸಿದ್ದೇ ಹಾಗೆ. ಬರಿಗಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಆದರೆ ಅವ್ವನಿಗೂ ಮೊದಮೊದಲು ಹಾಗೆಯೇ ಕಾಣುತ್ತಿತ್ತು.

ಸಾಗರದ ಕಣ್ಣಿನ ಡಾಕ್ಟರ ಹತ್ತಿರ ಪ್ರವಾಸ ಮುಗಿದ ವಾರಕ್ಕೆ ಸಮಯ ಗೊತ್ತು ಮಾಡಿಕೊಂಡೆ. ವಿಶಾಲುವಿಗೆ ಹೇಳಿದ್ದರೆ ಟಿಕೆಟ್ಟು ರದ್ದು ಮಾಡಿಸಿ ಅವತ್ತೇ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದಳು. ನಾನು ಒಬ್ಬಳೇ ಇರುವವಳು. ಬೆಳಿಗ್ಗೆ ಸ್ಕೂಟರ್ ತೆಗೆದುಕೊಂಡು ಬೀದಿಯ ನಾಲ್ಕಾರು ಮುದುಕರ ಮನೆಗೆ ಹೋಗಿ ಇನ್ಸುಲಿನ್ ಕೊಟ್ಟು ಬರುತ್ತೇನೆ. ಕಣ್ಣು ಹೋದರೆ ಸ್ಕೂಟರ್ ಹೋಗುತ್ತದೆ, ಸೂಜಿ ಹೋಗುತ್ತದೆ, ಆಮೇಲೆ ನನ್ನದೆನ್ನುವ ದಿನಚರಿಯೇ ಉಳಿಯುವುದಿಲ್ಲ. ಕಾಣುವಷ್ಟು ದಿನ ಆ ಕೊಕ್ಕರೆಗಳನ್ನಾದರೂ ನೋಡಿಬಿಡೋಣ ಎಂದು ಬಾಯಿ ಮುಚ್ಚಿಕೊಂಡು ಹೊರಟೆ.

ಥಿಂಫು

ರಾಜಧಾನಿಯಲ್ಲಿ ಟ್ರಾಫಿಕ್ ಸಿಗ್ನಲ್ ಇಲ್ಲ. ಮುಖ್ಯ ವೃತ್ತದಲ್ಲಿ ಚಿತ್ತಾರದ ಒಂದು ಮಂಟಪ, ಅದರೊಳಗೆ ಬಿಳಿ ಕೈಗವಸು ತೊಟ್ಟ ಪೊಲೀಸ್. ಅವನು ಕೈ ಬೀಸುವುದನ್ನು ನೋಡಿದರೆ ಭರತನಾಟ್ಯ ಕಲಿತವನಿರಬೇಕು ಅನ್ನಿಸುತ್ತದೆ. ಹಾರ್ನ್ ಇಲ್ಲ. ನಮ್ಮ ಖಾಸಗಿ ಬಸ್ಸಿನವರನ್ನು ಒಂದು ವಾರ ಇಲ್ಲಿ ಬಿಟ್ಟರೆ ಬಾಯಿ ಕಟ್ಟಿದ ಹಾಗಾಗಿ ಜ್ವರ ಬರುತ್ತದೆ ಎಂದರು ಗೌಡರು.

ಜನರು ಮಾತಿನ ಕೊನೆಗೆ "ಲಾ" ಎಂದು ಸೇರಿಸುತ್ತಾರೆ. ಅದು ಮರ್ಯಾದೆ, ನಮ್ಮ "ರೀ" ಇದ್ದ ಹಾಗೆ. ಇಂಗ್ಲಿಷಿಗೂ ಹಿಂದಿಗೂ ಅದನ್ನೇ ಅಂಟಿಸುತ್ತಾರೆ. ಎರಡನೆಯ ದಿನ ಗೌಡರು ಹೋಟೆಲಿನ ಹುಡುಗಿಗೆ "ಕಾಫಿ ಕೊಡಮ್ಮ ಲಾ" ಎಂದರು. ಅವಳಿಗೆ ಲಾ ಒಂದೇ ಅರ್ಥವಾಗಿ ತುಂಬ ಸಂತೋಷವಾಯಿತು.

ಅವತ್ತು ಮಧ್ಯಾಹ್ನ ಬಿಲ್ಲುಗಾರಿಕೆಯ ಮೈದಾನಕ್ಕೆ ಹೋದೆವು. ಫುಟ್‌ಬಾಲ್ ಮೈದಾನಕ್ಕಿಂತ ಉದ್ದದ ಜಾಗ. ಆ ತುದಿಯಲ್ಲಿ ಮಣೆಯಷ್ಟು ಅಗಲದ ಒಂದು ಹಲಗೆ, ಈ ತುದಿಯಲ್ಲಿ ಬಿಲ್ಲು. ಬಾಣ ಬೀಳುವ ಕಡೆಯಲ್ಲೇ, ಹಲಗೆಯ ಮಗ್ಗುಲಲ್ಲಿ, ಎದುರು ಗುಂಪಿನವರು ನಿಂತು ಹೊಡೆಯುವವನನ್ನು ಹಂಗಿಸುತ್ತಾರೆ. ಏನು ಹೇಳುತ್ತಿದ್ದಾರೆ ಎಂದು ಕರ್ಮನನ್ನು ಕೇಳಿದೆ. ಹೆಂಗಸರ ಮುಂದೆ ಹೇಳುವಂಥದ್ದಲ್ಲ ಎಂದ. ನಮ್ಮ ವಾಲಿಬಾಲ್ ಪಂದ್ಯಗಳೂ ಹೀಗೆಯೇ, ಅನುವಾದ ಬೇಡ. ಬಾಣ ತಾಗಿದರೆ ಗುಂಪಿನವರೆಲ್ಲ ಸಾಲಾಗಿ ನಿಂತು ಹಾಡಿ ಕುಣಿಯುತ್ತಾರೆ.

"ದುರ್ಬೀನು ಪರೀಕ್ಷೆ ಮಾಡಲೆ ಇದಕ್ಕಿಂತ ಚೊಲೋ ಜಾಗ ಬೇಕನೆ ಕೂಸೇ?" ಎಂದಳು ವಿಶಾಲು. ಈ ವಯಸ್ಸಿನಲ್ಲೂ ಅವಳ ಬಾಯಲ್ಲಿ ನಾನು ಕೂಸೇ. "ಹಲಗೆ ನೋಡು. ಎಂತ ಕಾಣ್ತು?"

ಕಣ್ಣಿಗೆ ಹಿಡಿದೆ. ನಡುವೆ ಹಲಗೆಯ ಒಂದು ತುಂಡು. ಎಡದಿಂದ ಕಪ್ಪು ಸರಿದು ಬಂತು, ಹಲಗೆ ಹೋಯಿತು. ಬಲಕ್ಕೆ ತಿರುಗಿಸಿದೆ, ಬಲದಿಂದ ಬಂತು. ಅಷ್ಟರಲ್ಲಿ ಆ ತುದಿಯಲ್ಲಿ ಹಾಡು ಕೇಳಿಸಿತು.

"ತಾಗ್ತು," ಎಂದೆ.

"ಅದು ಯಂಗೂ ಗೊತ್ತಾತು, ಕುಣೀತಾ ಇದ್ದ. ಬಾಣದ ಗರಿ ಯಾವ ಬಣ್ಣ?"

"ಹಳದಿ."

ವಿಶಾಲು ತನ್ನದರಲ್ಲಿ ನೋಡಿ, "ಕೆಂಪಲ್ದನೆ?" ಎಂದು ನನ್ನ ಮುಖ ನೋಡಿದಳು. ಅದೃಷ್ಟಕ್ಕೆ ಆಗಲೇ ಗೌಡರಿಗೆ ಮೈ ಸರಿಯಿಲ್ಲದಂತಾಯಿತು.

ಆದದ್ದು ಇಷ್ಟು. ಆ ದೇಶದವರು ಬೆಳಗಿನಿಂದ ರಾತ್ರಿಯವರೆಗೆ ಎಲೆ ಅಡಿಕೆ ಹಾಕುತ್ತಾರೆ. ಅದನ್ನು ಕಂಡ ಕ್ಷಣದಿಂದ ಗೌಡರ ಎದೆ ಉಬ್ಬಿತ್ತು. ಅಡಿಕೆಯ ನಾಡಿನವರು ನಾವು, ಇವರಿಗೆ ತೋರಿಸಿಕೊಡೋಣ ಎಂದು ಮೈದಾನದ ಅಂಚಿನಲ್ಲಿದ್ದ ಮುದುಕಿಯ ಬುಟ್ಟಿಯಿಂದ ಒಂದು ಕಟ್ಟು ತೆಗೆದು ಬಾಯಿಗೆ ಹಾಕಿಕೊಂಡರು. ನಮ್ಮಲ್ಲಿ ಸುಲಿದು ಬೇಯಿಸಿ ಒಣಗಿಸಿದ ಅಡಿಕೆ. ಅಲ್ಲಿಯದು ಸಿಪ್ಪೆಯ ಸಮೇತ ಹುಳಿ ಬರಿಸಿದ ಹಸಿ ಅಡಿಕೆ, ಮೂಗು ಮುಚ್ಚಿಕೊಳ್ಳುವ ವಾಸನೆ. ಎರಡು ನಿಮಿಷದಲ್ಲಿ ಆ ಚಳಿಯಲ್ಲಿ ಗೌಡರ ಹಣೆಯಿಂದ ಬೆವರಿಳಿಯಿತು. ಕಿವಿ ಕೆಂಪಾಯಿತು.

"ಸಿಸ್ಟ್ರೇ, ಮೈದಾನ ತಿರುಗ್ತಾ ಉಂಟು."

"ಮೈದಾನ ಅಲ್ಲೇ ಇದೆ ಗೌಡ್ರೇ. ನಿಮಗೆ ಅಡಕೆ ಸೊಕ್ಕಿದೆ. ಉಗೀರಿ, ಕೂತ್ಕಳಿ, ತಲೆ ಕೆಳಗೆ ಹಾಕಿ."

"ಹೊಸನಗರದವನಿಗೆ ಅಡಕೆ ಸೊಕ್ತು ಅಂತ ಊರಲ್ಲಿ ಹೇಳ್ಬೇಡಿ ಮಾರಾಯ್ತಿ."

ನಾಡಿ ಹಿಡಿದೆ, ಸಕ್ಕರೆ ನೀರು ಕುಡಿಸಿದೆ. ಮುದುಕಿ ಬಾಯಿ ತುಂಬ ಕೆಂಪು ಮಾಡಿಕೊಂಡು ನಗುತ್ತಿದ್ದಳು. ಕೈಗೆ ಕೆಲಸ ಸಿಕ್ಕಿದ್ದರಿಂದ ನನಗೆ ಅವತ್ತು ಉಪಕಾರವೇ ಆಯಿತು. ಗರಿಯ ಬಣ್ಣದ ವಿಷಯ ಮುಂದುವರಿಯಲಿಲ್ಲ.

ಪುನಾಖಾ

ಇಲ್ಲಿ ಎರಡು ನದಿ ಕೂಡುವ ಕಡೆ ಒಂದು ದೊಡ್ಡ ಕೋಟೆ ಇದೆ. ಒಳಗೆ ಮಠ, ಕಚೇರಿ ಎರಡೂ. ನದಿಯ ಮೇಲೆ ಮರದ ಸೇತುವೆ, ಕೆಳಗೆ ತಿಳಿಯಾದ ಹಸಿರು ನೀರು, ಅದರಲ್ಲಿ ಮೀನು. ಮೀನಿಗೆ ಕೈ ಹಾಕುವವರು ಯಾರೂ ಇರಲಿಲ್ಲ. ನಮ್ಮ ತುಂಗೆಯಲ್ಲಿ ದೇವರ ಮೀನು ಇರುವ ಮಡುಗಳ ನೆನಪಾಯಿತು.

ಕೋಟೆಯ ಮೆಟ್ಟಿಲು ಏಣಿಯಷ್ಟು ಕಡಿದು. ಇಳಿಯುವಾಗ ಕೊನೆಯ ಮೆಟ್ಟಿಲು ಇಲ್ಲವೆಂದುಕೊಂಡು ಕಾಲಿಟ್ಟೆ, ಅದು ಇತ್ತು. ಮುಗ್ಗರಿಸಿ ಕಂಬ ಹಿಡಿದೆ. ಯಾರಿಗೆ ಬೇಕಾದರೂ ಆಗುವಂಥದ್ದು. ಆದರೆ ಅವ್ವನೂ ಮೊದಲು ಎಡವಿದ್ದು ಮೆಟ್ಟಿಲಲ್ಲೇ, ಬಚ್ಚಲಿಗೆ ಇಳಿಯುವ ಮೆಟ್ಟಿಲು.

"ಎಂತಾತೆ?" ವಿಶಾಲು ಓಡಿ ಬಂದಳು.

"ಏನಿಲ್ಲ. ಚಪ್ಪಲಿ ಜಾರ್ತು."

"ಶೂ ಹಾಕ್ಯಂಡು ಚಪ್ಪಲಿ ಹೆಂಗೆ ಜಾರ್ತೆ ಮಾರಾಯ್ತಿ?"

ನಾನು ಮುಂದೆ ನಡೆದೆ. ಅವತ್ತು ರಾತ್ರಿ ಊಟಕ್ಕೆ ಮೆಣಸಿನಕಾಯಿಯ ಪಲ್ಯ. ಮೆಣಸಿನಕಾಯಿ ಹಾಕಿದ ಪಲ್ಯವಲ್ಲ, ಮೆಣಸಿನಕಾಯಿಯದೇ, ಗಿಣ್ಣಿನ ಹಾಗಿರುವ ಚೀಸಿನಲ್ಲಿ ಬೇಯಿಸಿದ್ದು. ಎಲ್ಲರ ಕಣ್ಣಲ್ಲೂ ನೀರು ಬಂತು. ನನ್ನ ಕಣ್ಣಿನ ನೀರಿಗೂ ಅದೇ ಲೆಕ್ಕವಾಯಿತು.

ಫೋಬ್ಜಿಖಾ

ಕಣಿವೆ ತಲುಪುವ ಹೊತ್ತಿಗೆ ಮಂಜು ಇಳಿದಿತ್ತು. ಹಕ್ಕಿಯ ಕೂಗು ಕೇಳಿಸಿತು, ಹಕ್ಕಿ ಕಾಣಲಿಲ್ಲ. ಉಳಿದುಕೊಂಡ ಮನೆಯಲ್ಲಿ ನಡುಮನೆಗೇ ಒಂದು ಕಬ್ಬಿಣದ ಒಲೆ. ಅದರ ಸುತ್ತ ಕೂತರೆ ಎದ್ದು ಹೋಗುವ ಮನಸ್ಸಾಗುವುದಿಲ್ಲ.

ಬೆಳಿಗ್ಗೆ ಎಂದಿನಂತೆ ನಾನು ಎಲ್ಲರಿಗಿಂತ ಮೊದಲೆದ್ದೆ. ಆಮೇಲೆ ಎದ್ದ ಉಳಿದಿಬ್ಬರೂ ಒಲೆಯ ಹತ್ತಿರ ಚಹಾಕ್ಕೆ ಕಾಯುತ್ತಿದ್ದರು. ಒಬ್ಬಳೇ ಹೊರಗೆ ಬಂದು ಬೇಲಿಯ ಹತ್ತಿರ ನಿಂತೆ. ಹುಲ್ಲಿನ ಮೇಲಿನ ಇಬ್ಬನಿ ಉಪ್ಪಿನ ಹಾಗೆ ಗಟ್ಟಿಯಾಗಿತ್ತು. ಕಣಿವೆಯ ತಳದ ಜೌಗಿನಲ್ಲಿ ಅವು ನಿಂತಿದ್ದವು. ಬರಿಗಣ್ಣಿಗೆ ಬೂದು ಬಣ್ಣದ ಚುಕ್ಕೆಗಳು. ಚುಕ್ಕೆಗಳು ಕೂಗುತ್ತಿದ್ದವು.

ದುರ್ಬೀನು ಎತ್ತಿದೆ. ಮಾಮೂಲಿ ಹಾಗೆ ಸುತ್ತಲೂ ಕಪ್ಪು. ನಡುವೆ ಒಂದು ಕೊಕ್ಕರೆಯ ಬೆನ್ನು. ತಲೆಗೆ ಹೋದರೆ ಕಾಲು ಇಲ್ಲ, ಕಾಲಿಗೆ ಬಂದರೆ ಕಪ್ಪು ಮೇಲೆ ಬಿತ್ತು. ಕನ್ನಡಕ ತೆಗೆದು ನೋಡಿದೆ. ನನ್ನದು ಸಿಲಿಂಡರ್ ಪವರ್, ಕನ್ನಡಕವಿಲ್ಲದಿದ್ದರೆ ದುರ್ಬೀನಿನ ನಡುವಿನ ಚಕ್ರ ಎಷ್ಟು ತಿರುಗಿಸಿದರೂ ಒಂದು ಹಕ್ಕಿ ಎರಡಾಗುತ್ತದೆ. ಮತ್ತೆ ಹಾಕಿಕೊಂಡೆ. ಮತ್ತೆ ಕಪ್ಪು. ಇಷ್ಟು ದೂರ ಬಂದು ಅವ್ವನ ಬಾಗಿಲ ಸಂದಿಯಿಂದ ನೋಡಬೇಕಾಯಿತಲ್ಲ ಅನ್ನಿಸಿತು. ಹತ್ತಿರ ಯಾರೂ ಇಲ್ಲವೆಂದು ಗಟ್ಟಿಯಾಗಿಯೇ ಹೇಳಿಕೊಂಡೆ.

"ಕರ್ಮ. ನನ್ನ ಕರ್ಮ."

ಮನೆಯ ಹಿಂದೆ ಕಾರಿನ ಗಾಜು ಉಜ್ಜುತ್ತಿದ್ದವನು ಬಟ್ಟೆಯ ಸಮೇತ ಓಡಿ ಬಂದ. "ಯೆಸ್ ಮೇಡಂ ಲಾ!"

ಏನೆಂದು ಹೇಳಲಿ? ಕಣ್ಣು ಒದ್ದೆಯಾಗಿತ್ತು. ಸುಮ್ಮನೆ ಕರೆದೆ ಎಂದರೆ ತಪ್ಪಾಗುತ್ತದೆ. ಕೈಯಲ್ಲಿದ್ದದ್ದನ್ನೇ ಮುಂದೆ ಮಾಡಿ ಹಿಂದಿಯಲ್ಲಿ, "ನೋಡ್ತೀರಾ?" ಎಂದೆ.

ಅವನ ಮುಖ ಅರಳಿತು. ಇಷ್ಟು ದಿನ ನಮ್ಮನ್ನು ಸುತ್ತಿಸಿದವನಿಗೆ ನಾವು ಮೂವರೂ ಒಮ್ಮೆಯೂ ದುರ್ಬೀನು ಕೊಟ್ಟಿರಲಿಲ್ಲ. ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೆ ಹಿಡಿದ. ಏನೋ ಗೊಣಗಿ ಕೆಳಗಿಳಿಸಿದ. ಕಣ್ಣಿಡುವ ಕಡೆಯ ಎರಡು ರಬ್ಬರು ಬಟ್ಟಲುಗಳನ್ನು ಕರ್ ಕರ್ ಎಂದು ತಿರುಗಿಸಿದ. ಮತ್ತೆ ಕನ್ನಡಕಕ್ಕೆ ಒತ್ತಿ ಹಿಡಿದು ಬಹಳ ಹೊತ್ತು ನೋಡಿದ. ಆ ಕಡೆ ಮೂರು ಇವೆ, ಅಪ್ಪ ಅಮ್ಮ ಮತ್ತು ಮರಿ, ಮರಿಯ ತಲೆ ಕಂದು ಎಂದು ತನ್ನಷ್ಟಕ್ಕೆ ಹೇಳಿದ. ನನ್ನ ಕೈಗೆ ಕೊಟ್ಟು, ತಲೆ ಬಾಗಿಸಿ, ಕಾರಿನ ಕಡೆ ಹೋದ.

ನನಗೆ ಮೊದಲು ಬಂದದ್ದು ಸಿಟ್ಟು. ಬೇರೆಯವರು ಹೊಂದಿಸಿಟ್ಟ ಸಲಕರಣೆಯನ್ನು ಕೇಳದೆ ತಿರುಗಿಸಬಾರದು. ನಮ್ಮ ತರಬೇತಿಯ ಮೊದಲ ವಾರದ ಪಾಠ ಅದು. ಒಬ್ಬಳು ಹೊಂದಿಸಿದ ಡ್ರಿಪ್ಪನ್ನು ಇನ್ನೊಬ್ಬಳು ಮುಟ್ಟಿದರೆ ಏನಾಗುತ್ತದೆ ಎಂದು ಕಂಡವಳು ನಾನು. ವಿಶಾಲು ತಿರುಗಿಸಬಹುದು ಎಂದು ತೋರಿಸಿಕೊಟ್ಟಿದ್ದು ನಡುವಿನ ಚಕ್ರವೊಂದನ್ನೇ. ತಿಂಗಳುಗಟ್ಟಲೆ ನಾನು ಅದನ್ನು ಬಿಟ್ಟು ಇನ್ನೇನನ್ನೂ ಮುಟ್ಟಿರಲಿಲ್ಲ. ಆ ಬಟ್ಟಲು ತಿರುಗುತ್ತದೆ ಎಂದೂ ಗೊತ್ತಿರಲಿಲ್ಲ. ಇವನು ಏನು ಕೆಡಿಸಿಟ್ಟ ಎಂದು ನೋಡಲು ಎತ್ತಿದೆ.

ಕಣಿವೆ ಇಡೀ ಇತ್ತು.

ಅಂಚಿನಿಂದ ಅಂಚಿಗೆ ಬೆಳಕು. ಕೊಕ್ಕರೆಗಳ ಸಾಲು, ಅವುಗಳ ಕಪ್ಪು ಕತ್ತು, ತಲೆಯ ಮೇಲಿನ ಕೆಂಪು, ಬಾಲದ ಗರಿ, ಕಾಲು, ಕಾಲ ಕೆಳಗಿನ ನೀರು, ನೀರಿನೊಳಗೆ ಇನ್ನೊಂದು ಕೊಕ್ಕರೆ. ಹಿಂದೆ ಕುದುರೆಯೊಂದು ಬಾಲ ಬೀಸುತ್ತಿತ್ತು. ಕಂದು ತಲೆಯ ಮರಿ ಅಮ್ಮನ ಹಿಂದೆಯೇ ಹೆಜ್ಜೆ ಹಾಕುತ್ತಿತ್ತು.

ಕೆಳಗಿಳಿಸಿದೆ. ಅವಸರದಲ್ಲಿ ಪರೀಕ್ಷೆ ಮಾಡಬಾರದು, ಒಂದು ನಿಮಿಷ ಬೇಲಿ ಹಿಡಿದು ನಿಂತೆ. ಆಮೇಲೆ ಕ್ರಮವಾಗಿ ಶುರು ಮಾಡಿದೆ. ಬಟ್ಟಲು ಮೇಲಕ್ಕೆ ತಿರುಗಿಸಿದೆ, ಕಪ್ಪು ಬಂತು. ಕೆಳಕ್ಕೆ, ಹೋಯಿತು. ಬಲಗಣ್ಣು ಬೇರೆ, ಎಡಗಣ್ಣು ಬೇರೆ. ಒಂದು ಬಟ್ಟಲು ಮೇಲೆ, ಒಂದು ಕೆಳಗೆ. ಎಷ್ಟು ಸಲ ಮಾಡಿದೆನೋ, ಪ್ರತಿ ಸಲವೂ ಅದೇ ಉತ್ತರ. ಕನ್ನಡಕವಿಲ್ಲದವರಿಗೆ ಕಣ್ಣು ಗಾಜಿನಿಂದ ಇಷ್ಟು ದೂರವಿರಲಿ ಎಂದು ಆ ಬಟ್ಟಲು. ಕನ್ನಡಕದವರಿಗೆ ಆ ದೂರವನ್ನು ಕನ್ನಡಕವೇ ಕೊಡುತ್ತದೆ. ಎರಡೂ ಸೇರಿದರೆ ಕಣ್ಣು ಹಿಂದೆ ಉಳಿಯುತ್ತದೆ, ಕಿಟಕಿಯಿಂದ ಹಿಂದೆ ಸರಿದಷ್ಟೂ ಹೊರಗಿನದು ಕಡಿಮೆ ಕಾಣುವ ಹಾಗೆ. ಇದು ಕಾಯಿಲೆಯೇ ಅಲ್ಲ.

"ಕರ್ಮ!" ಎಂದೆ ಮತ್ತೆ, ಈ ಸಲ ನಗು ತಡೆಯಲಾರದೆ.

"ಯೆಸ್ ಮೇಡಂ ಲಾ?"

"ಏನಿಲ್ಲಪ್ಪ. ನಿನ್ನ ಹೆಸರು ಚೆನ್ನಾಗಿದೆ."

ಒಳಗೆ ಹೋಗಿ ಒಲೆಯ ಹತ್ತಿರ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ವಿಶಾಲು ಚಹಾದ ಲೋಟ ಕೆಳಗಿಟ್ಟಳು.

"ಮಳೆಗಾಲದಿಂದ? ಮಳೆಗಾಲದಿಂದ ಇದನ್ನ ಹೊಟ್ಟೆಲಿ ಇಟ್ಗಂಡು ತಿರುಗ್ತಾ ಇದ್ದೆ? ಯಂಗೆ ಒಂದು ಮಾತು ಹೇಳಲೆ ನಿಂಗೆ ಬಾಯಿ ಇತ್ತಿಲ್ಯನೆ?"

"ಹೇಳಿದ್ರೆ ನೀನು ಟಿಕೆಟ್ ಕ್ಯಾನ್ಸಲ್ ಮಾಡಿಸ್ತಿದ್ದೆ."

"ಮಾಡಸ್ತಿದ್ದೆ! ಚಪ್ಪಲಿ ಜಾರ್ತಡ, ಹಳದಿ ಗರಿಯಡ!" ಎಂದು ನನ್ನ ತೋಳಿಗೆ ಒಂದು ಹೊಡೆದಳು. ಹೊಡೆದವಳೇ ಕಣ್ಣೊರೆಸಿಕೊಂಡಳು. ಅವಳಿಗೆ ಪೊರೆಯ ಆಪರೇಷನ್ ಆದ ಮೇಲೆ ಕನ್ನಡಕವಿಲ್ಲ. ಆ ಬಟ್ಟಲು, ಇಂಗ್ಲಿಷಿನ ಐ-ಕಪ್ಪು, ಇಳಿಯುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. "ಕಪ್ಪು ಇಳಸಕ್ಕು ಹೇಳಿ ಆನೇ ಹೇಳಕ್ಕಾಗಿತ್ತು. ಹೇಳಿದ್ದಿ ಹೇಳೇ ತಿಳ್ಕಂಡಿದ್ದಿ."

ಗೌಡರು ಎಲ್ಲವನ್ನೂ ಕೇಳಿ, ನನ್ನ ದುರ್ಬೀನು ತೆಗೆದುಕೊಂಡು ಬಟ್ಟಲನ್ನು ಮೇಲೆ ಕೆಳಗೆ ಮಾಡಿ ನೋಡಿದರು. "ಹಂಗಾದ್ರೆ ಕಪ್ಪು ಇಳ್ಸಿದ್ರೆ ಕಪ್ಪು ಹೋಯ್ತು ಅನ್ನಿ." ತಮ್ಮದನ್ನೂ ತಿರುಗಿಸಲು ಹೋದರು. ಅದು ಗಟ್ಟಿ ಪ್ಲಾಸ್ಟಿಕ್ಕು, ಅಲುಗಲಿಲ್ಲ. "ಐನೂರು ಇಟ್ಟು ಇದೊಂದು ಇಟ್ಟಿಲ್ಲ ನೋಡಿ ಬಡ್ಡೀಮಕ್ಳು."

ಆದರೂ ನನ್ನ ಸಮಾಧಾನಕ್ಕೆ ವಿಶಾಲುವನ್ನು ಎದುರು ಕೂರಿಸಿಕೊಂಡು ಬೆರಳಿನ ಪರೀಕ್ಷೆ ಮಾಡಿಸಿದೆ. ನಾನು ಅವಳ ಮೂಗು ನೋಡುತ್ತಿರಬೇಕು, ಅವಳು ಬದಿಯಿಂದ ಬೆರಳು ಆಡಿಸುತ್ತ ಬರಬೇಕು, ಕಂಡ ಕೂಡಲೇ ನಾನು ಹೇಳಬೇಕು. ಮೊದಲೂ ಇದನ್ನು ಮಾಡಬಹುದಿತ್ತು, ಆದರೆ ಎದುರಿಗೆ ಒಬ್ಬರು ಬೇಕು, ಅವರಿಗೆ ವಿಷಯ ಹೇಳಬೇಕು. ಬೆರಳು ನಾಲ್ಕೂ ಕಡೆಯಿಂದ ಕಂಡಿತು. ನಡುವೆ ಗೌಡರು ತಮ್ಮ ಬೆರಳನ್ನೂ ತೂರಿಸಿದರು. ಅದೂ ಕಂಡಿತು.

ಅವತ್ತು ಇಡೀ ದಿನ ನಾವು ಕಣಿವೆ ಬಿಟ್ಟು ಕದಲಲಿಲ್ಲ. ಕರ್ಮನಿಗೆ ಸರದಿಯಂತೆ ದುರ್ಬೀನು ಸಿಕ್ಕಿತು.

ಮತ್ತೆ ಥಿಂಫು

ಕೊಳ್ಳುವ ಕೆಲಸ ಉಳಿದಿತ್ತು. ಮುಖ್ಯ ವೃತ್ತದ ಎದುರಿನ ಅಂಗಡಿಯಲ್ಲಿ ದುರ್ಬೀನುಗಳಿದ್ದವು. ಅಂಗಡಿಯಾಕೆ ಉಲ್ಲನ್ ಹೆಣೆಯುತ್ತ, ಬೇಕಾದಷ್ಟು ಹೊತ್ತು ನೋಡಿ ಎಂದಳು. ನಾನು ಮೊದಲು ಕೇಳಿದ್ದು ಬಟ್ಟಲು ಇಳಿಯುತ್ತದೆಯೇ ಎಂದು. ಇಳಿಯದವನ್ನು ಬದಿಗಿಟ್ಟೆ. ಇಳಿಸಿದ ಮೇಲೂ ಕೆಲವದರಲ್ಲಿ ಅಂಚು ಕಪ್ಪಾಗುತ್ತಿತ್ತು, ಕನ್ನಡಕದವರಿಗೆ ಬೇಕಾದಷ್ಟು ಜಾಗ ಎಲ್ಲದರಲ್ಲೂ ಇರುವುದಿಲ್ಲ. ಅವನ್ನೂ ಇಟ್ಟೆ. ಒಳಗೆ ತೇವ ಹೋಗದಂತೆ ಮುಚ್ಚಿದ್ದು ಬೇಕು, ಇಲ್ಲದಿದ್ದರೆ ನಮ್ಮ ಮಳೆಗಾಲಕ್ಕೆ ಗಾಜಿನೊಳಗೆ ಬೂಷ್ಟು ಬೆಳೆಯುತ್ತದೆ. ಕೊನೆಗೆ ಎರಡು ಉಳಿದವು. ಒಂದು ಎಂಟರದು, ಒಂದು ಹತ್ತರದು.

"ಹತ್ತೇ ತಗಳಿ ಸಿಸ್ಟ್ರೇ. ನನ್ನ ಮಾತು ಕೇಳಿ," ಎಂದರು ಗೌಡರು.

ಬಾಗಿಲಲ್ಲಿ ನಿಂತು ಮಂಟಪದ ಪೊಲೀಸನನ್ನು ನೋಡಿದೆ. ಹತ್ತರದರಲ್ಲಿ ಅವನ ಒಂದು ಕೈ ದೊಡ್ಡದಾಗಿ ಕಂಡಿತು. ಇನ್ನೊಂದು ಕೈ ಎಲ್ಲಿಗೆ ಹೋಯಿತೆಂದು ಹುಡುಕಬೇಕು. ಕೈ ಸ್ವಲ್ಪ ನಡುಗಿದರೆ ಪೊಲೀಸನೇ ನಡುಗುತ್ತಿದ್ದ. ಎಂಟರದರಲ್ಲಿ ಅವನು ಸ್ವಲ್ಪ ಚಿಕ್ಕವನು, ಆದರೆ ಎರಡು ಕೈಯೂ ಇದ್ದವು, ನಿಂತಲ್ಲಿ ನಿಂತಿದ್ದ. ನಮ್ಮ ಕಾಡಿನ ಹಕ್ಕಿ ದೂರ ಇರುವುದಿಲ್ಲ, ಎಲೆಯ ಮರೆಯಲ್ಲಿ ಇರುತ್ತದೆ. ಹುಡುಕುವುದರೊಳಗೆ ಹಾರಿರುತ್ತದೆ.

"ಎಂಟು," ಎಂದೆ.

"ಮುನ್ನೂರ ಮೂವತ್ತಾರು," ಎಂದು ಗೌಡರು ನಿಟ್ಟುಸಿರು ಬಿಟ್ಟರು.

ಸಾಗರ

ಊರಿಗೆ ಬಂದ ವಾರ ಕಣ್ಣಿನ ಡಾಕ್ಟರ ಹತ್ತಿರ ಗೊತ್ತು ಮಾಡಿದ ಸಮಯಕ್ಕೇ ಹೋದೆ. ಕಾರಣ ತಪ್ಪಾಗಿದ್ದರೂ ಪರೀಕ್ಷೆ ಸರಿಯಾದದ್ದೇ, ಅದನ್ನು ಬಿಡುವಂತಿಲ್ಲ. ಬೆಳಗಿನ ಬಸ್ಸು ಹೊಸನಗರದ ನಿಲ್ದಾಣದಲ್ಲಿ ನಿಂತಾಗ ಕಿಟಕಿಯ ಹೊರಗೆ ಗೌಡರು ಕಾದಿದ್ದರು, ಕೊರಳಲ್ಲಿ ಐನೂರು.

"ಇದನ್ನ ನೋಡಿ ಸಿಸ್ಟ್ರೇ!"

ಬಲಗಡೆಯ ಪ್ಲಾಸ್ಟಿಕ್ ಬಟ್ಟಲು ಇರಲಿಲ್ಲ. ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು ಉಪ್ಪುಕಾಗದ ಹಾಕಿ ಉಜ್ಜಿದ್ದರು.

"ನಿಮಗೆ ಕನ್ನಡಕವೇ ಇಲ್ವಲ್ಲ ಗೌಡ್ರೇ, ಎಂತಕ್ಕೆ ಕೊಯ್ದ್ರಿ?"

"ನೀವು ಇಸ್ಕಂಡಾಗ ನಿಮಗೆ ಕಾಣ್ಬೇಕಲ್ಲ. ಇನ್ನೊಂದು ನಾಳೆ ಕೊಯ್ತೀನಿ. ಡಾಕ್ಟ್ರು ಎಂತ ಅಂದ್ರು ಅಂತ ಫೋನ್ ಮಾಡಿ, ಮರೀಬೇಡಿ." ಬಸ್ಸು ಹೊರಟಿತು. ಅವರು ಏನನ್ನೋ ಕೂಗಿದರು, ಹಾರ್ನಿನಲ್ಲಿ ಕೇಳಿಸಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒತ್ತಡ ನೋಡಿದರು, ಹಿಂದಿನ ನರ ನೋಡಿದರು, ಬದಿಯ ದೃಷ್ಟಿಯ ಯಂತ್ರದ ಮುಂದೆ ಕೂರಿಸಿದರು. ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಅಷ್ಟು ಶ್ರದ್ಧೆಯಿಂದ ನಾನು ಯಾವ ಪರೀಕ್ಷೆಯನ್ನೂ ಬರೆದಿಲ್ಲ.

"ಎಲ್ಲ ಸರಿ ಇದೆ ಸಿಸ್ಟರ್. ಪೊರೆ ಸ್ವಲ್ಪ ಶುರುವಾಗಿದೆ, ಈ ವಯಸ್ಸಿಗೆ ಸಹಜ. ಅಮ್ಮನಿಗೆ ಇತ್ತಲ್ಲ, ಅದಕ್ಕೆ ವರ್ಷಕ್ಕೊಂದು ಸಲ ಬರ್ತಾ ಇರಿ."

ಹೊರಗೆ ಬಂದು ಮೊದಲು ಗೌಡರಿಗೆ ಫೋನ್ ಮಾಡಿದೆ. ಆಮೇಲೆ ವಿಶಾಲುವಿನ ಮನೆಗೆ ನಡೆದೆ. ಅವಳು ಅಂಗಳದಲ್ಲೇ ನಿಂತಿದ್ದಳು. ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು, ನೇರ ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ನಾನು ಚೀಲದಿಂದ ಅವಳ ದುರ್ಬೀನು ತೆಗೆದೆ. ಗಾಜುಗಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದೆ. ಪಟ್ಟಿ ಸುತ್ತಿದೆ. ಎರಡೂ ಬಟ್ಟಲುಗಳನ್ನು ಕರ್ ಕರ್ ಎಂದು ಮೇಲಕ್ಕೆ ತಿರುಗಿಸಿದೆ.

"ಮತ್ತೆ ಎಂತಕ್ಕೆ ಮೇಲೆ ಮಾಡ್ತೆ?" ಒಳಗಿನಿಂದ ಕೇಳಿದಳು.

"ನೀನು ಕೊಟ್ಟಿದ್ದು ಹಂಗೇ ಅಲ್ವಾ."

ಸಂಜೆ ಐದು ಗಂಟೆ. ಸ್ಥಳ, ಸಾಗರ, ವಿಶಾಲುವಿನ ಜಗಲಿ. ಹಾಜರಿದ್ದವರು ಇಬ್ಬರು. ದುರ್ಬೀನು ಒಂದು, ಕಪ್ಪು ಮೇಲಕ್ಕಿದೆ. ಕಣ್ಣು ನಾಲ್ಕು, ನಾಲ್ಕೂ ಚೆನ್ನಾಗಿವೆ. ಒಪ್ಪಿಸಿದೆ.